ಸ್ವಲ್ಪ ಗಮನ ಇರಲಿ

ಲಿಂಡನ್ ಬೀದಿ, ನಾಲ್ಕನೇ ಮಹಡಿ
ಮೇ 18

ಪ್ರೀತಿಯ ತಮ್ಮ ಗಾವ್ರಿಲ್,

ಕ್ರಿಸ್ತ ಎದ್ದಿದ್ದಾನೆ. ಈಸ್ಟರ್ ಕಳೆದು ಇಷ್ಟು ದಿನವಾದ ಮೇಲೆ ಹೀಗೆ ಹೇಳುವುದಕ್ಕೂ ಸಂಕೋಚವಾಗುತ್ತದೆ. ನಿನ್ನ ಕಾಗದ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲೇ ಬಂದು ಸೇರಿತ್ತು. ಅನೂತ್ಸಳ ಮದುವೆ ಸೆಪ್ಟೆಂಬರಿಗೆ ಗೊತ್ತಾಯಿತೆಂದು ಓದಿ ನಿನ್ನ ಅತ್ತಿಗೆ ವೆತುರಿಯಾ ಅಡಿಗೆ ಮನೆಯಲ್ಲೇ ಒಂದು ಸುತ್ತು ಕುಣಿದಳು. ಹುಡುಗ ಗರಗಸದ ಕಾರ್ಖಾನೆಯವನು, ಕುಡಿಯುವುದಿಲ್ಲ ಎಂದು ನೀನು ಬರೆದಿದ್ದೆ. ಕುಡಿಯದ ಅಳಿಯನನ್ನು ಕಟ್ಟಿಕೊಂಡು ನೀನು ಸಂಜೆ ಹೊತ್ತು ಏನು ಮಾಡುತ್ತೀಯೋ, ದೇವರಿಗೇ ಗೊತ್ತು.

ಅದೇ ಕಾಗದದ ಕೊನೆಯಲ್ಲಿ ನೀನು ಒಂದು ಮಾತು ಕೇಳಿದ್ದೆ. ಅಮ್ಮನ ಸಂತ ಜಾರ್ಜ್ ಪಟವನ್ನು ಕಳಿಸಿಕೊಡು, ಮಗಳು ಅದರ ಮುಂದೆ ನಿಂತು ಆಶೀರ್ವಾದ ತೆಗೆದುಕೊಂಡು ಮನೆ ಬಿಡಬೇಕು ಎಂದು. ಅಷ್ಟಕ್ಕೂ ಪಟ ನಿನ್ನದು. ನಿನ್ನ ಗೋಡೆ ಒದ್ದೆ, ಗಾಜಿನ ಹಿಂದಿನ ಬಣ್ಣ ಎದ್ದು ಬರುತ್ತದೆ ಎಂದು ಅಮ್ಮ ತೀರಿಕೊಂಡ ವರ್ಷ ಅದನ್ನು ನನ್ನಲ್ಲಿ ಇಟ್ಟಿದ್ದೆ. ಇಟ್ಟದ್ದು, ಕೊಟ್ಟದ್ದಲ್ಲ. ಉತ್ತರ ಬರೆಯದೆ ಕೂತದ್ದಕ್ಕೆ ಕಾಯಿಲೆ ಕಾರಣವಲ್ಲ. ಕಾಯಿಲೆಯ ಮೇಲೆ ಹಾಕಿದರೆ ನೀನು ನಂಬಿಬಿಡುತ್ತೀಯ, ಅದಕ್ಕೇ ಹಾಕುತ್ತಿಲ್ಲ. ಫೋನ್ ಕೈಗೆತ್ತಿಕೊಂಡದ್ದೂ ಉಂಟು. ನಿನ್ನ ದನಿ ಕೇಳಿದರೆ ಸುಳ್ಳು ಹೇಳಿಬಿಡುತ್ತೇನೆ ಅನ್ನಿಸಿ ಇಟ್ಟುಬಿಟ್ಟೆ.

ಮೊದಲು ಆರೋಗ್ಯದ ವಿಷಯ. ನಾನು ಚೆನ್ನಾಗಿದ್ದೇನೆ. ಏಪ್ರಿಲ್ ತಿಂಗಳ ಪರೀಕ್ಷೆಯಲ್ಲಿ ರಕ್ತದಲ್ಲಿ ರೋಗದ ಸುಳಿವೇ ಇಲ್ಲ ಅಂದರು. ತಲೆಗೂದಲು ಬಂದಿದೆ, ಸ್ವಲ್ಪ ಗುಂಗುರಾಗಿ ಬಂದಿದೆ. ವೆತುರಿಯಾ ನೋಡಿ ನಗುತ್ತಾಳೆ. ಹೋದ ಶರತ್ಕಾಲದಲ್ಲಿ ನೀನು ಆಸ್ಪತ್ರೆಗೆ ಬಂದಾಗ ನನ್ನ ಪಕ್ಕದ ಮಂಚದಲ್ಲಿ ಒಬ್ಬ ಕುರಿಗಾರ ಇದ್ದನಲ್ಲ, ನಿನಗೆ ಹಸಿ ಚೀಸ್ ತಿನ್ನಿಸಿ ನರ್ಸ್ ಕೈಲಿ ಬೈಸಿಕೊಂಡವನು, ತೊವಾದೆರ್, ಅವನ ವಿಷಯ ಬರೆಯಬೇಕು. ಅವನ ವಿಷಯ ಬರೆಯದೆ ಪಟದ ವಿಷಯ ಬರೆಯಲಾಗುವುದಿಲ್ಲ.

ತೊವಾದೆರನಿಗೂ ನನಗೂ ಒಂದೇ ರೋಗ, ರಕ್ತದ ಕ್ಯಾನ್ಸರ್, ಹೆಚ್ಚುಕಡಿಮೆ ಒಂದೇ ವಯಸ್ಸು. ಇಬ್ಬರಿಗೂ ಹಳೆಯ ಔಷಧಿಗಳು ಕೈಕೊಟ್ಟಿದ್ದವು. ಮಂಚದಿಂದ ಮಂಚಕ್ಕೆ ಬೆಳಗಿನಿಂದ ಸಂಜೆಯವರೆಗೂ ನನ್ನನ್ನು ರೇಗಿಸುವುದೇ ಅವನ ಕೆಲಸ. ನಾನು ಡ್ರೈವಿಂಗ್ ಪರೀಕ್ಷಕನಾಗಿದ್ದೆ ಎಂದು ಗೊತ್ತಾದ ಮೇಲಂತೂ ಮುಗಿಯಿತು. "ಪರೀಕ್ಷೆ ಸಾಹೇಬ್ರೆ, ಟಾಯ್ಲೆಟ್ಟಿಗೆ ಹೋಗ್ತಿದೀನಿ, ಬಲಕ್ಕೆ ತಿರುಗಬಹುದಾ?" ಅನ್ನುತ್ತಿದ್ದ. ಅವನ ಹೆಂಡತಿ ಸಾವೆತ ಬೆಟ್ಟದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು. ಬರುವಾಗ ಟಾಯ್ಲೆಟ್ ಕಾಗದ, ಸೋಪು, ಹತ್ತಿ ಎಲ್ಲ ನಮಗೂ ಸೇರಿಸಿ ತರುತ್ತಿದ್ದಳು. ಆ ವಾರ್ಡಿನಲ್ಲಿ ಇವೆಲ್ಲ ಮನೆಯಿಂದಲೇ ಬರಬೇಕು, ನೀನೇ ನೋಡಿದ್ದೀಯ. ಒಂದು ಸಲ ಅವಳು ಕುಯ್ದು ಹದಮಾಡಿದ ಇಡೀ ಕುರಿಮರಿಯನ್ನೇ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಹಾಗೇ ವಾಪಸ್ಸು ಒಯ್ದಳು.

ಅಕ್ಟೋಬರಿನಲ್ಲಿ ಡಾಕ್ಟರ್ ಕ್ರಿನಾ ಬಂದರು. ಚಿಕ್ಕ ವಯಸ್ಸು, ಫ್ರಾನ್ಸಿನಲ್ಲಿ ಕಲಿತು, ಅಲ್ಲೇ ಉಳಿಯದೆ ವಾಪಸ್ಸು ಬಂದವರು. ನಿಮ್ಮ ಕಣಿವೆಯ ಡಾಕ್ಟರು ಜರ್ಮನಿಗೆ ಹೋಗಿ ಇವತ್ತಿಗೂ ಆ ಕುರ್ಚಿ ಖಾಲಿ ಇರುವಾಗ, ಒಬ್ಬಳು ವಾಪಸ್ಸು ಬಂದಳಲ್ಲ ಎಂದು ನನಗೆ ಅವರನ್ನು ಕಂಡರೆ ಗೌರವ. ಆಕೆ ನಮ್ಮಿಬ್ಬರಿಗೂ, ನಮ್ಮ ಹೆಂಡಂದಿರಿಗೂ ಹೊಸ ಚಿಕಿತ್ಸೆಯ ವಿಷಯ ಹೇಳಿದರು. ರೋಗಿಯ ರಕ್ತದಿಂದಲೇ ಒಂದಷ್ಟು ಕಣ ತೆಗೆದು, ವಿಮಾನದಲ್ಲಿ ಪಶ್ಚಿಮಕ್ಕೆ ಕಳಿಸಿ, ಅಲ್ಲಿ ಅವಕ್ಕೆ ರೋಗವನ್ನು ಗುರುತು ಹಿಡಿಯುವ ವಿದ್ಯೆ ಕಲಿಸಿ, ತಿರುಗಿ ತಂದು ಮೈಗೆ ಬಿಡುವುದು. ಬೆಲೆ ಕೇಳಿದರೆ ನಮ್ಮ ಕಟ್ಟಡದ ಅಷ್ಟೂ ಮನೆಗಳನ್ನು ಕೊಳ್ಳಬಹುದು. ಪೂರ್ತಿ ಸರ್ಕಾರದ ವಿಮೆಯದೇ ಖರ್ಚು. ಆದರೆ ಆ ವರ್ಷದ ಹಣದಲ್ಲಿ ನಮ್ಮ ಆಸ್ಪತ್ರೆಗೆ ಉಳಿದದ್ದು ಒಬ್ಬನ ಪಾಲು ಮಾತ್ರ. ಯಾರಿಗೆ ಎಂದು ಬುಖಾರೆಸ್ಟಿನ ಆಯೋಗ ತೀರ್ಮಾನ ಮಾಡುತ್ತದೆ. ಇನ್ನೊಬ್ಬ ಹೊಸ ವರ್ಷದ ಹಣ ಬರುವವರೆಗೆ ಕಾಯಬೇಕು.

ಕೊನೆಗೆ ಡಾಕ್ಟರ್ ಕ್ರಿನಾ ಹೆಂಡಂದಿರ ಕಡೆ ತಿರುಗಿ ಹೇಳಿದರು: "ಇದು ಔಷಧಿ ಒಂದರಿಂದ ಆಗೋದಲ್ಲ. ಗಮನ ಬೇಕು. ಗಮನ ಕೊಡೋರು ಇದ್ರೆ ಮಾತ್ರ ನಾನು ಮುಂದುವರಿಯೋದು, ಈಗಲೇ ಹೇಳಿರ್ತೀನಿ."

ನಗು ಬಂತಾ ನಿನಗೆ? ನನಗೆ ಆಗ ಬರಲಿಲ್ಲ, ನಾನು ಅರ್ಧ ನಿದ್ದೆಯಲ್ಲಿದ್ದೆ. ಪಾಪ, ಫ್ರಾನ್ಸಿನಲ್ಲಿ ಇದ್ದು ಬಂದ ಆಕೆಗೆ ಗಮನ ಎಂದರೆ ಗಮನವೇ. ರೋಗಿಯನ್ನು ಒಂಟಿ ಬಿಡಬಾರದು, ಜ್ವರ ನೋಡುತ್ತಿರಬೇಕು, ಮಾತು ತೊದಲುತ್ತದೆಯೇ ಎಂದು ಕಿವಿಗೊಡಬೇಕು, ಇಷ್ಟೇ ಆಕೆಯ ಅರ್ಥ. ಆದರೆ ಈ ದೇಶದಲ್ಲಿ ಕಚೇರಿ ಕಿಟಕಿಯ ಆಚೆಯವರ ಬಾಯಲ್ಲಿ ಆ ಮಾತು ಬಂದರೆ ನಮ್ಮ ಕೈ ಜೇಬಿಗೆ ಹೋಗುತ್ತದೆ. ಕಾಫಿ ಪೊಟ್ಟಣ ಒಂದು ಗಮನ, ಪ್ಲಮ್ ಸಾರಾಯಿ ಅದಕ್ಕಿಂತ ಮೇಲಿನ ಗಮನ, ಲಕೋಟೆಯಾದರೆ ವಿಶೇಷ ಗಮನ. ಲಂಚ ಎಂದು ನಮ್ಮಲ್ಲಿ ಯಾರೂ ಅನ್ನುವುದಿಲ್ಲ, ಅದು ಪತ್ರಿಕೆಯವರ ಮಾತು.

ಈ ಮಾತನ್ನು ನೀನೇ ಒಂದು ಸಲ ನನಗೆ ಹೇಳಿದ್ದೆ. ನಿನ್ನ ಲೈಸೆನ್ಸ್ ಪರೀಕ್ಷೆಯ ದಿನ, ಹಿಂದಿನ ಸೀಟಿನಲ್ಲಿ ಹೊಗೆ ಹಾಕಿದ ಹಂದಿ ತೊಡೆ ಇಟ್ಟು, ಕಾರು ಶುರು ಮಾಡುವ ಮುಂಚೆ, "ಅಣ್ಣಾ, ಸ್ವಲ್ಪ ಗಮನ ಇರಲಿ" ಅಂದೆ. ರೈಲ್ವೆ ಗೇಟಿನ ಹತ್ತಿರ ನೀನು ಪೂರ್ತಿ ನಿಲ್ಲಿಸಲಿಲ್ಲ. ಫೇಲ್ ಮಾಡಿದೆ. ಮರ ಸಾಗಿಸುವ ಲಾರಿಯ ಕೆಲಸ ಇನ್ಯಾರದೋ ಪಾಲಾಯಿತು, ನೀನು ಇವತ್ತಿಗೂ ಕುದುರೆ ಗಾಡಿ ಹೊಡೆಯುತ್ತೀಯ. ಕೆಲಸದಲ್ಲಿದ್ದಷ್ಟು ಕಾಲ ನಾನು ಒಬ್ಬರ ಚಾಕೊಲೇಟನ್ನೂ ಮುಟ್ಟಲಿಲ್ಲ. ಜನ ನನ್ನನ್ನು ಕಲ್ಲು ಇಲಾರಿ ಅಂದರೆ ಒಳಗೊಳಗೇ ಹಿಗ್ಗುತ್ತಿದ್ದೆ. ನಿನ್ನ ವಿಷಯದಲ್ಲೂ ಮಾಡಿದ್ದು ಸರಿ ಎಂದೇ ತಲೆ ಎತ್ತಿಕೊಂಡು ತಿರುಗಿದೆ, ಈಗಲೂ ತಪ್ಪು ಎಂದು ಹೇಳಲಾರೆ. ಗೇಟಿನಲ್ಲಿ ನಿಲ್ಲಿಸಬೇಕಿತ್ತು ನೀನು.

ನವೆಂಬರಿನಲ್ಲಿ ಬುಖಾರೆಸ್ಟಿನಿಂದ ತೀರ್ಮಾನ ಬಂತು. ಹೆಸರು ನನ್ನದು. ತೊವಾದೆರ್ ಮಂಚದಿಂದ ಎದ್ದು ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. "ನೀವು ಮೊದಲು ಹೋಗಿ ರಸ್ತೆ ನೋಡಿಟ್ಟಿರಿ ಸಾಹೇಬ್ರೆ. ನಾನು ಹಿಂದೆ ಬರ್ತೀನಿ. ಗುಂಡಿ ಗಿಂಡಿ ಇದ್ರೆ ಹೇಳಿ" ಅಂದ. ಹೊಟ್ಟೆಕಿಚ್ಚಿನ ಒಂದು ಎಳೆಯೂ ಇರಲಿಲ್ಲ ಅವನ ಮುಖದಲ್ಲಿ. ನಾನಾಗಿದ್ದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ.

ಚಿಕಿತ್ಸೆ ಹೇಗಿತ್ತು ಅಂತೀಯಾ? ನಾನು ಜೀವಮಾನದಲ್ಲಿ ಬುಡಾಪೆಸ್ಟ್ ದಾಟಿಲ್ಲ, ನನ್ನ ರಕ್ತ ನನಗಿಂತ ಹೆಚ್ಚು ದೇಶ ನೋಡಿ ಬಂತು. ಡಿಸೆಂಬರಿನಲ್ಲಿ ಅದು ಒಂದು ಚಿಕ್ಕ ಚೀಲದಲ್ಲಿ ವಾಪಸ್ಸಾಯಿತು. ಟೊಮೆಟೊ ಸಾರಿನ ನೀರಿನ ಹಾಗೆ ಕಾಣುತ್ತಿತ್ತು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮೈಗೆ ಇಳಿದುಹೋಯಿತು. ನಾನು ಇದೇನಾ ಅಂದೆ. ನಿಜವಾದದ್ದು ಆಮೇಲೆ ಶುರುವಾಯಿತು, ಜ್ವರ, ನಡುಕ. ದಿನಾ ಬೆಳಿಗ್ಗೆ ಡಾಕ್ಟರ್ ಕ್ರಿನಾ ಬಂದು, ಇದು ಯಾವ ಊರು, ಇದೇನು, ಅದೇನು ಎಂದು ಕೇಳಿ, ಯಾವುದಾದರೂ ಒಂದು ವಾಕ್ಯ ಬರೆಯಿರಿ ಅನ್ನುತ್ತಿದ್ದರು. ಮಿದುಳಿಗೆ ಏನಾದರೂ ಆಗುತ್ತಿದ್ದರೆ ಮೊದಲು ಅಕ್ಷರದಲ್ಲಿ ಗೊತ್ತಾಗುತ್ತದಂತೆ. ನಾನು ದಿನಾ "ತಿರುಗುವ ಮುನ್ನ ಸೂಚನೆ ಕೊಡಿ" ಎಂದೇ ಬರೆಯುತ್ತಿದ್ದೆ. ಮಧ್ಯೆ ಒಂದೆರಡು ದಿನ ನನಗೆ ನೆನಪೇ ಇಲ್ಲ. ಆಗ ಡಾಕ್ಟರಮ್ಮನಿಗೆ ಕ್ಲಚ್ ಬಿಡಿ, ಕ್ಲಚ್ ಬಿಡಿ ಎಂದು ಕಿರುಚಿ, ಕೊನೆಗೆ ಅವರನ್ನು ಫೇಲ್ ಮಾಡಿದೆನಂತೆ.

ಜನವರಿಯಲ್ಲಿ ಮನೆಗೆ ಬಂದೆ. ಟೀವಿಯಲ್ಲಿ ಟೈ ಕಟ್ಟಿದವನೊಬ್ಬ, ಇಂಥ ಒಂದು ಚಿಕಿತ್ಸೆಯ ದುಡ್ಡಿಗೆ ಬೆಟ್ಟದ ಊರುಗಳಿಗೆ ಎಷ್ಟು ಆಂಬುಲೆನ್ಸ್ ಕೊಡಬಹುದಿತ್ತು ಎಂದು ಲೆಕ್ಕ ಹೇಳುತ್ತಿದ್ದ. ನಿನ್ನ ಊರು ನೆನಪಾಯಿತು. ಚಾನೆಲ್ ಬದಲಾಯಿಸು ಅಂದೆ ವೆತುರಿಯಾಳಿಗೆ. ಹೊಸ ವರ್ಷದ ಹಣ ಫೆಬ್ರವರಿ ಮುಗಿದರೂ ಬರಲಿಲ್ಲ. ಸಂಸತ್ತಿನಲ್ಲಿ ಜಗಳ, ಸಹಿ ಬಿದ್ದಿಲ್ಲ ಅಂದರು. ಮಾರ್ಚಿನಲ್ಲಿ ತೊವಾದೆರನಿಗೆ ನ್ಯುಮೋನಿಯಾ ಆಯಿತು. ತಿಂಗಳ ಕೊನೆಗೆ, ಉಪವಾಸದಲ್ಲಿ, ಅವನು ತೀರಿಕೊಂಡ. ಸೋಂಕು ತಗುಲುತ್ತದೆ ಎಂದು ನನ್ನನ್ನು ಮಣ್ಣಿಗೂ ಹೋಗಗೊಡಲಿಲ್ಲ.

ಆ ಹೊತ್ತಿಗೇ ನಿನ್ನ ಕಾಗದ ಬಂದದ್ದು. ಗೋಡೆ ನೋಡಿದೆ, ಸಂತ ಜಾರ್ಜ್ ಇಲ್ಲ. ಅಲ್ಲಿ ಕ್ಯಾಲೆಂಡರ್ ನೇತಾಡುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಆ ಕಡೆ ಕಣ್ಣು ಹಾಯಿಸಿಯೇ ಇರಲಿಲ್ಲ. ವೆತುರಿಯಾಳನ್ನು ಕೇಳಿದರೆ, ಚೌಕಟ್ಟು ಸಡಿಲಾಗಿತ್ತು, ರಿಪೇರಿಗೆ ಕೊಟ್ಟಿದೀನಿ ಅಂದಳು. ಯಾರ ಹತ್ತಿರ ಅಂದರೆ, ಪೇಟೆಯಲ್ಲಿ ಒಬ್ಬನ ಹತ್ತಿರ ಅಂದಳು. 

ಏಪ್ರಿಲಿನಲ್ಲಿ ಪರೀಕ್ಷೆಗೆ ಹೋದಾಗ ವಿಭಾಗದ ಮುಖ್ಯಸ್ಥರು ನನ್ನನ್ನು ಅಭಿನಂದಿಸಬೇಕೆಂದು ತಮ್ಮ ಕೋಣೆಗೆ ಕರೆಸಿದರು. ಪ್ರೊಫೆಸರ್ ಓನಿಗಾ. ಕೈ ಕುಲುಕಿ ಕೂರಿಸಿದರು. ತಲೆ ಎತ್ತಿದರೆ ಅವರ ಹಿಂದಿನ ಗೋಡೆಯ ಮೇಲೆ ನಮ್ಮ ಸಂತ ಜಾರ್ಜನ ಕುದುರೆ. ಗಾವ್ರಿಲ್, ಐದು ಕಾಲಿನ ಕುದುರೆ ಈ ಲೋಕದಲ್ಲಿ ಇನ್ನೊಂದಿಲ್ಲ. ಬಿಡಿಸಿದ ಮುದುಕ ಕುಡಿದಿದ್ದ ಎಂದು ಅಮ್ಮ ಹೇಳುತ್ತಿದ್ದಳಲ್ಲ. ಕೆಳಗೆ ಆ ಕೋಳಿಯಂಥ ಘಟಸರ್ಪ, ಅದನ್ನು ನೋಡಿ ನಾವಿಬ್ಬರೂ ಪ್ರಾರ್ಥನೆಯ ಮಧ್ಯೆ ನಕ್ಕು ಏಟು ತಿನ್ನುತ್ತಿದ್ದದ್ದು. ಪ್ರೊಫೆಸರ್ ಏನೋ ಹೇಳುತ್ತಿದ್ದರು, ನನ್ನ ಕಿವಿಗೆ ಬೀಳಲಿಲ್ಲ. ನಾಚಿಕೆಯಿಂದ ಬೆವರು ಬಂತು. ಜ್ವರ ಬಂತೇನೋ ಎಂದು ಅವರು ನರ್ಸನ್ನು ಕರೆದರು.

ಮನೆಗೆ ಬಂದು ಕೇಳಿದೆ. ವೆತುರಿಯಾ ಈ ಸಲ ಸುಳ್ಳು ಹೇಳಲಿಲ್ಲ. "ಡಾಕ್ಟರಮ್ಮನೇ ಬಾಯಿಬಿಟ್ಟು ಕೇಳಿದ್ರಲ್ಲ ಗಮನ ಬೇಕು ಅಂತ. ಮೊದಲು ಅವರಿಗೇ ಕಾಫಿ, ಸಾರಾಯಿ ತಗೊಂಡು ಹೋದೆ. ಮುಖ ಕೆಂಪು ಮಾಡ್ಕೊಂಡು ವಾಪಸ್ ತಳ್ಳಿದ್ರು. ನಾನಿನ್ನೇನು ತಿಳ್ಕೋಬೇಕಿತ್ತು?" ಅಂದಳು.

ಏನು ತಿಳಿದುಕೊಂಡಳು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅತ್ತೆ ಕಾಯಿಲೆ ಬಿದ್ದಾಗಲೂ ಹಾಗೇ ಆಗಿತ್ತು. ಡಾಕ್ಟರು ಕೊಟ್ಟದ್ದನ್ನು ತೆಗೆದುಕೊಳ್ಳಲಿಲ್ಲ ಅಂದರೆ ರೋಗಿಯ ಆಸೆ ಬಿಟ್ಟಿದ್ದಾರೆ ಎಂದೇ ಲೆಕ್ಕ. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳಂತೆ. ಆಮೇಲೆ ಮನೆಗೆ ಬಂದು, ಇರುವುದರಲ್ಲಿ ಯಾವುದು ದೊಡ್ಡದು ಎಂದು ಸುತ್ತ ನೋಡಿ, ಪಟವನ್ನು ಇಳಿಸಿ ಟವಲಿನಲ್ಲಿ ಸುತ್ತಿ ಸೀದಾ ಪ್ರೊಫೆಸರ ಹತ್ತಿರ ಒಯ್ದಳು. ಇದು ಆಯೋಗದ ತೀರ್ಮಾನ ಬರುವುದಕ್ಕೆ ಒಂದು ವಾರ ಮೊದಲು.

ನಾನು ಕೂಗಾಡಿದೆ. ಅದು ನನ್ನ ತಮ್ಮನದು ಅಂದೆ, ನನ್ನ ಜನ್ಮದ ಮರ್ಯಾದೆ ಕಳೆದೆ ಅಂದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು, "ನಿನ್ನ ಮರ್ಯಾದೆ ಉಳಿಸ್ಲಾ, ನಿನ್ನ ಉಳಿಸ್ಲಾ? ಎರಡೂ ಒಟ್ಟಿಗೆ ನಂಗೆ ಹೊರೋಕೆ ಆಗ್ಲಿಲ್ಲ" ಅಂದಳು. ಅವಳನ್ನು ಬೈಯಬೇಡ ಗಾವ್ರಿಲ್. ನನಗೂ ಆಮೇಲೆ ಬೈಯಲು ಬಾಯಿ ಬರಲಿಲ್ಲ. ಅವಳು ಮಾಡಿದ್ದು ತಪ್ಪೆಂದು ನಾನು ಈಗ ಹೇಳುತ್ತಿರುವುದು ಯಾರ ಉಸಿರಿನಿಂದ? ಆ ತಪ್ಪಿನಿಂದಲೇ ಬಂದ ಉಸಿರಿರಬಹುದು ಅದು.

ಇರಬಹುದು. ಈ ಒಂದು ಮಾತು ನನ್ನನ್ನು ತಿನ್ನುತ್ತಿದೆ. ಮರುದಿನವೇ ಡಾಕ್ಟರ್ ಕ್ರಿನಾ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿ, ನನ್ನ ಹೆಸರು ಮೊದಲು ಬಂದದ್ದು ಆ ಪಟದಿಂದಲಾ ಎಂದು ನೇರವಾಗಿ ಕೇಳಿದೆ. ಆಕೆಗೆ ಮೊದಲು ಅರ್ಥವಾಗಲಿಲ್ಲ. ತಾನು ಆಡಿದ ಗಮನದ ಮಾತು ಹೀಗೆಲ್ಲ ತಿರುಗಿತು ಎಂದು ಗೊತ್ತಾದಾಗ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ನಿಮ್ಮನ್ನ ಆರಿಸಿದ್ದು ಆಯೋಗ. ಪ್ರೊಫೆಸರಿಗೆ ಅದರಲ್ಲಿ ಮಾತಿಲ್ಲ" ಅಂದರು.

"ಅವರು ಫೋನ್ ಮಾಡಿರಬಹುದಲ್ಲ?" ಅಂದೆ.

"ಮಾಡಿರಬಹುದು. ಮಾಡದೇನೂ ಇರಬಹುದು. ನಂಗೊತ್ತಿಲ್ಲ."

"ತೊವಾದೆರನ ರಕ್ತ ಹೇಗಿತ್ತು, ನನ್ನದಕ್ಕಿಂತ ವಾಸಿ ಇತ್ತಾ, ಕೆಟ್ಟಿತ್ತಾ?"

ಆಕೆ ಕಿಟಕಿ ಕಡೆ ನೋಡಿ ಹೇಳಿದರು: "ನಿಮ್ಮಷ್ಟೇ ಕೆಟ್ಟಿತ್ತು. ಯಾರನ್ನ ಆರಿಸಿದ್ರೂ ಸರಿ ಅನ್ನೋ ಹಾಗಿತ್ತು." ನನ್ನ ಕಡೆ ತಿರುಗಿ ಮತ್ತೆ ಹೇಳಿದರು: "ಇಲಾರಿಯವರೇ, ಈ ದೇಶದ ಜನ ಎಲ್ಲ ಸೇರಿ ಕಟ್ಟಿದ ಹಣದಲ್ಲಿ ನೀವು ಉಳ್ಕೊಂಡಿದ್ದೀರಿ. ಹಾಗಿದ್ದೂ ನಿಮ್ಮನೆಯೋರು ಒಂದು ಗಾಜಿನ ಪಟ ಉಳಿಸ್ತು ಅಂತಾರೆ, ನೀವೂ ಅದನ್ನೇ ನಂಬ್ತೀರಿ. ನಾನು ಎಷ್ಟು ಹೇಳಿದ್ರೂ ನಂಬಲ್ಲ. ವಾಪಸ್ ಬಂದಿದ್ದಕ್ಕೆ ನಂಗೆ ಬೇಜಾರಾಗೋದು ಇಂಥ ದಿನ ಮಾತ್ರ."

ನನಗೆ ಆಕೆಯ ಮುಂದೆ ನಿಲ್ಲಲಾಗಲಿಲ್ಲ. ಕ್ಷಮಿಸಿ ಎಂದು ಗೊಣಗಿ ಹೊರಗೆ ಬಂದೆ. ಈಸ್ಟರ್ ಮುಗಿದ ವಾರ ಧೈರ್ಯ ಮಾಡಿ ಪ್ರೊಫೆಸರ ಕೋಣೆಗೆ ಹೋದೆ. ಪಟ ವಾಪಸ್ಸು ಬೇಕು, ಅದು ನನ್ನ ತಮ್ಮನದು, ಹೆಂಡತಿಗೆ ಕೊಡುವ ಹಕ್ಕಿರಲಿಲ್ಲ ಅಂದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎಲ್ಲೋ ನೋಡಿದೀನಿ ಅಂದ್ಕೊಂಡೆ. ನೀವು ಕಲ್ಲು ಇಲಾರಿ ಅಲ್ವಾ? ನನ್ನ ಮಗನ್ನ ಫೇಲ್ ಮಾಡಿದೋರು."

ಹೌದು ಅಂದೆ.

"ಒಳ್ಳೇದೇ ಮಾಡಿದ್ರಿ. ಅವನು ಈಗಲೂ ಹಾಳಾಗಿ ಓಡಿಸ್ತಾನೆ." ಎದ್ದು ತಾವೇ ಪಟ ಇಳಿಸಿದರು, ಕೋಟಿನ ತೋಳಿನಿಂದ ಧೂಳು ಒರೆಸಿದರು. "ನೋಡಿ, ನಾನು ಬೇಡ ಅಂದಿದ್ರೆ ನಿಮ್ಮ ಹೆಂಡ್ತಿ ಆ ವಾರ ಪೂರ್ತಿ ನಿದ್ದೆ ಮಾಡ್ತಿರ್ಲಿಲ್ಲ. ಬೇಡ ಅಂದ್ರೆ ಸಾವು ಅಂತ ತಿಳ್ಕೊಳ್ತಾರೆ ಜನ. ತಗೊಂಡೆ, ಅವರು ನೆಮ್ಮದಿಯಾಗಿ ಮನೆಗೆ ಹೋದ್ರು. ಇದೂ ಒಂದು ಔಷಧಿನೇ, ಕ್ರಿನಾಗೆ ಇನ್ನೂ ಗೊತ್ತಾಗಿಲ್ಲ."

"ಬುಖಾರೆಸ್ಟಿಗೆ ಫೋನ್ ಮಾಡಿದ್ರಾ?" ಎಂದು ಕೇಳಿದೆ.

"ಫೋನಾ? ನನ್ನ ರೋಗಿಗಳೆಲ್ಲರಿಗೋಸ್ಕರಾನೂ ಮಾಡ್ತೀನಿ."

"ತೊವಾದೆರನಿಗೋಸ್ಕರಾನೂ ಮಾಡಿದ್ರಾ?"

ಪ್ರೊಫೆಸರ್ ಓನಿಗಾ ಪಟ ನನ್ನ ಕೈಗಿಡುತ್ತಾ, "ಯಾವ ತೊವಾದೆರ್?" ಅಂದರು.

ದಡ್ಡತನದ ಪ್ರಶ್ನೆಯೇನಲ್ಲ ಅದು, ಅವರ ವಿಭಾಗದಲ್ಲಿ ಎಷ್ಟೋ ಜನ ಮಲಗಿ ಏಳುತ್ತಾರೆ. ನನ್ನ ಹೆಸರು ತಾನೆ ಅವರಿಗೆ ಯಾಕೆ ನೆನಪಿತ್ತು ಎಂದು ಬಸ್ಸಿನಲ್ಲಿ ಕೂತು ಯೋಚಿಸಿದೆ. ಮಗನನ್ನು ಫೇಲ್ ಮಾಡಿದ್ದಕ್ಕೋ, ಗೋಡೆಯ ಮೇಲೆ ದಿನಾ ಕುದುರೆ ಕಾಣುತ್ತಿದ್ದದ್ದಕ್ಕೋ. ತೊಡೆಯ ಮೇಲೆ ಪಟ ಇತ್ತು. ಪಕ್ಕದ ಹೆಂಗಸು ಟವಲ್ ಸರಿಸಿ ನೋಡಿ ಶಿಲುಬೆ ಗುರುತು ಮಾಡಿಕೊಂಡು, "ಎಷ್ಟು ಚೆಂದದ ಸಂತ, ಯಾರಿಗೆ ಒಯ್ತಿದೀರಾ?" ಅಂದಳು. ತಮ್ಮನಿಗೆ ಅಂದೆ.

ಪಟಕ್ಕೆ ಏನೂ ಆಗಿಲ್ಲ, ಕುದುರೆಯ ಐದೂ ಕಾಲು ನೆಟ್ಟಗಿವೆ. ಈಗ ನಮ್ಮ ಬೀರುವಿನಲ್ಲಿದೆ, ಗೋಡೆಗೆ ಹಾಕಲು ನನಗೆ ಮನಸ್ಸಿಲ್ಲ. ಮದುವೆಗೆ ಒಂದು ವಾರ ಮುಂಚೆ ನಾನೇ ಹೊತ್ತು ತರುತ್ತೇನೆ. ರೈಲ್ವೆ ಗೇಟಿನ ಹತ್ತಿರ ಬಸ್ಸಿಳಿಯುತ್ತೇನೆ, ನಿನ್ನ ಗಾಡಿ ಕಳಿಸು. ಬೇಕಾದರೆ ಗಾಡಿಯಲ್ಲಿ ಕೂರಿಸಿಕೊಂಡು ಮನೆ ಸೇರುವವರೆಗೂ ನನ್ನನ್ನು ಬೈಯಿ, ಇಷ್ಟು ವರ್ಷ ನೀನು ಒಂದು ದಿನವೂ ಬೈಯಲಿಲ್ಲ. ನೀನು ಅವತ್ತು ಕೇಳಿದ್ದು ಲೈಸೆನ್ಸಿಗೆ ಒಂದು ಸಹಿ. ನನಗೆ ಸಿಕ್ಕಿದ್ದು ಏನು, ಯಾರ ಪಾಲಿನದು ಎಂದು ನಾನು ಯಾವತ್ತೂ ತಿಳಿಯಲಾರೆ.

ಅನೂತ್ಸಳಿಗೆ ದೊಡ್ಡಪ್ಪನ ಆಶೀರ್ವಾದ. ಅವಳ ಹೊಸ ಮನೆಯಲ್ಲಿ ರೊಟ್ಟಿ ತಪ್ಪದಿರಲಿ, ಗಂಡನ ಬೆರಳು ಗರಗಸಕ್ಕೆ ಸಿಗದಿರಲಿ. ನಿನ್ನ ಹೆಂಡತಿಗೆ ವೆತುರಿಯಾ ನೆನಪು ಹೇಳಿದ್ದಾಳೆ, ಮದುವೆಯ ಎಲೆಕೋಸಿನ ಕಡುಬಿಗೆ ಅಕ್ಕಿ ಕಡಿಮೆ ಹಾಕಲಿ ಅಂತಲೂ ಹೇಳಿದ್ದಾಳೆ. ನಿನ್ನ ಮೊಣಕಾಲು ನೋವಿಗೆ ನಮ್ಮ ಔಷಧಿ ಅಂಗಡಿಯ ಮುಲಾಮು ತರುತ್ತೇನೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಇಲಾರಿ

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ.

ಸಾವೆತ ಆ ಕುರಿಮರಿಯನ್ನು ತಂದದ್ದು ಪ್ರೊಫೆಸರಿಗೆ ಕೊಡಲೆಂದು. ಅವಳೂ ಗಮನದ ಮಾತು ಕೇಳಿಸಿಕೊಂಡಿದ್ದಳಲ್ಲ, ವೆತುರಿಯಾ ತಿಳಿದುಕೊಂಡಂತೆಯೇ ತಿಳಿದುಕೊಂಡಿದ್ದಳು. ಯಾವ ಬಾಗಿಲಿಗೆ ಒಯ್ಯಲಿ ಎಂದು ನನ್ನನ್ನು ಕೇಳಿದಳು. ನಾನು ಹಾಸಿಗೆಯಲ್ಲಿ ಎದ್ದು ಕೂತು ಇಬ್ಬರಿಗೂ ಭಾಷಣ ಮಾಡಿದೆ. ಈಗ ಕಾನೂನಿದೆ, ರಕ್ತ ನೋಡಿ ಆರಿಸುತ್ತಾರೆ, ಕುರಿ ನೋಡಿ ಅಲ್ಲ, ನಾನು ಬದುಕಿನಲ್ಲಿ ಕೊಟ್ಟವನೂ ಅಲ್ಲ ತಗೊಂಡವನೂ ಅಲ್ಲ, ಸ್ವಲ್ಪ ಮಾನ ಇಟ್ಟುಕೊಳ್ಳಿ ಅಂದೆ. ಮಾನ ಎಂಬ ಮಾತನ್ನೇ ಅಂದೆ. ತೊವಾದೆರ್ ಹೆಂಡತಿಗೆ, "ಒಯ್ಯೇ ಮನೆಗೆ. ಪರೀಕ್ಷೆ ಸಾಹೇಬ್ರು ಹೇಳಿದ ಮೇಲೆ ಮುಗೀತು" ಅಂದ. ವೆತುರಿಯಾ ಆಗ ಅಲ್ಲೇ ನನ್ನ ಕಾಲ ಬಳಿ ಕೂತಿದ್ದಳು. 

ಈ ತಿಂಗಳ ಮೊದಲಲ್ಲಿ ತೊವಾದೆರನ ಸ್ಮರಣೆಯ ಊಟಕ್ಕೆ ಬೆಟ್ಟಕ್ಕೆ ಹೋಗಿದ್ದೆ. ಪಟ ಅಷ್ಟು ಹೊತ್ತಿಗೆ ನಮ್ಮ ಬೀರುವಿಗೆ ಬಂದಿತ್ತು. ಸಾವೆತ ನನ್ನನ್ನು ಪಾದ್ರಿಯ ಪಕ್ಕದಲ್ಲೇ ಕೂರಿಸಿದಳು. ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಕಲಸಿದ್ದನ್ನು ತಾನೇ ಬಡಿಸಿದಳು. ಎಲ್ಲರೂ ಎದ್ದ ಮೇಲೆ ನನ್ನ ಪಕ್ಕ ಬಂದು ಕೂತು, ತಟ್ಟೆಯ ಅಂಚು ಒರೆಸುತ್ತಾ ಕೇಳಿದಳು: "ಇಲಾರಿಯಣ್ಣ, ರಾತ್ರಿ ಮಲಗಿದ್ರೆ ಆ ಕುರಿಮರೀನೇ ಕಣ್ಮುಂದೆ ಬರತ್ತೆ. ನಾನೇ ತಪ್ಪು ಮಾಡಿದ್ನೇನೋ, ಕೊಟ್ಟಿದ್ರೆ ಇವರೂ ಉಳೀತಿದ್ರೇನೋ ಅಂತ. ನಿಜ ಹೇಳಿ, ನಿಮ್ಮನೆಯೋರೂ ಏನೂ ಕೊಡ್ಲಿಲ್ಲ, ಅಲ್ವಾ?"

"ಇಲ್ಲ" ಅಂದೆ.

"ಹಾಗಾದ್ರೆ ಸರಿ ಬಿಡಿ" ಅಂದಳು. ಎದ್ದು ಹೋಗಿ ನಿನಗೆಂದು ಹಸಿ ಚೀಸು ಕಟ್ಟಿಕೊಟ್ಟಳು. ಆಸ್ಪತ್ರೆಯಲ್ಲಿ ಸಾಹೇಬ್ರ ತಮ್ಮ ತುಂಬಾ ಇಷ್ಟಪಟ್ಟು ತಿಂದಿದ್ರು ಎಂದು ತೊವಾದೆರ್ ಹೇಳುತ್ತಿದ್ದನಂತೆ. ಉಪ್ಪುನೀರಿನಲ್ಲಿ ಹಾಕಿಟ್ಟಿದ್ದೆ, ಈ ಕಾಗದದ ಜೊತೆಗೆ ಕಳಿಸುತ್ತಿದ್ದೇನೆ. ನನಗೆ ನುಂಗಲಾಗಲಿಲ್ಲ, ನೀನು ತಿನ್ನು.